ದೊಡ್ಡವರಿಗೆ ಇಂಗ್ಲಿಷ್ ಕಲಿಸಿದ ಮೊದಲ ದಿನಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಊಟಕ್ಕೆ ಮುಂಚೆ ನಿಮಗೆ ಆ ಶಿಕ್ಷೆ ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾಗ ಸಂಬಳವಿಲ್ಲದೆ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಹೇಳುತ್ತೇನೆ. ಅಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ನಗಲಿ.

ಅಮೆರಿಕದ ಅನೇಕ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಹೊರದೇಶಗಳಿಂದ ಬಂದು ನೆಲೆಸಿದ ದೊಡ್ಡವರಿಗೆ ಉಚಿತವಾಗಿ ಇಂಗ್ಲಿಷ್ ಹೇಳಿಕೊಡುತ್ತಾರೆ. ಕಲಿಸುವವರಲ್ಲಿ ಬಹಳ ಮಂದಿ ಸ್ವಯಂಸೇವಕರು. ನಾನೂ ಹೆಸರು ಕೊಟ್ಟೆ. ವಾರಕ್ಕೊಂದು ಸಂಜೆ. ನನ್ನ ಮೇಜಿಗೆ ಬಂದವರು ಸೊಮಾಲಿಯಾದ ಒಬ್ಬ ಟ್ಯಾಕ್ಸಿ ಡ್ರೈವರ್, ವಿಯೆಟ್ನಾಮಿನ ಒಬ್ಬ ಹಿರಿಯರು, ಹೋಟೆಲಿನ ರೂಮು ಸ್ವಚ್ಛ ಮಾಡುವ ಇಥಿಯೋಪಿಯಾದ ಒಬ್ಬ ಹೆಣ್ಣುಮಗಳು.

ವಿಯೆಟ್ನಾಮಿನ ಹಿರಿಯರಿಗೆ ನನ್ನನ್ನು ನೋಡಿ ನಿರಾಸೆಯಾಯಿತು. ಅವರಿಗೆ ಅಮೆರಿಕನ್ನರೇ ಬೇಕಿತ್ತು. ಪೌರತ್ವದ ಸಂದರ್ಶನಕ್ಕೆ ತಯಾರಾಗುತ್ತಿದ್ದರು. ಆಗಿನ ನಿಯಮದಂತೆ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6ಕ್ಕೆ ಸರಿಯುತ್ತರ ಕೊಟ್ಟರೆ ಪಾಸು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ಬರೆಯಬೇಕು. ಅವರು ಪಕ್ಕದ ಮೇಜಿಗೆ ಹೋದರು. ಮೂರು ವಾರಕ್ಕೆ ವಾಪಸ್ ಬಂದರು. ಅಲ್ಲಿಯ ಮೇಡಂಗೆ ಯಾವುದು ಸರಿ ಎಂದು ಗೊತ್ತು, ಯಾಕೆ ಸರಿ ಎಂದು ಹೇಳಲು ಬರುತ್ತಿರಲಿಲ್ಲವಂತೆ. ಹುಟ್ಟಿದ ಭಾಷೆಗೆ ಯಾರು ನಿಯಮ ಕಲಿತಿರುತ್ತಾರೆ ಹೇಳಿ? ನಾನು ಐದನೇ ತರಗತಿಯಲ್ಲಿ ಎಬಿಸಿಡಿ ಶುರುಮಾಡಿದವನು. ‘ಡಸ್’ ಬಂದರೆ ಮುಂದಿನ ಕ್ರಿಯಾಪದದ ‘ಎಸ್’ ಬಿದ್ದುಹೋಗುತ್ತದೆ ಎನ್ನುವುದನ್ನು ಇದೇ ಕಟ್ಟಡದಲ್ಲಿ ನೂರು ಸಲ ಬರೆದಿದ್ದೇನೆ.

ಸೊಮಾಲಿ ಭಾಷೆಯಲ್ಲಿ ‘ಪ’ ಇಲ್ಲ. ಡ್ರೈವರಣ್ಣನ ಬಾಯಲ್ಲಿ ಪಾರ್ಕಿಂಗ್ ‘ಬಾರ್ಕಿಂಗ್’ ಆಗುತ್ತಿತ್ತು, ಅಂದರೆ ಬೊಗಳುವುದು. ತುಟಿಯ ಮುಂದೆ ಕಾಗದದ ಚೂರು ಹಿಡಿದು ಹೇಳಿಸಬೇಕು. ಇಂಗ್ಲಿಷಿನ ‘ಪ’ಕ್ಕೆ ಕಾಗದ ಅಲ್ಲಾಡುತ್ತದೆ, ‘ಬ’ಕ್ಕೆ ಇಲ್ಲ. ತಮಾಷೆಯೆಂದರೆ ನಮ್ಮ ಕನ್ನಡದ ‘ಪ’ಕ್ಕೂ ಅದು ಸರಿಯಾಗಿ ಅಲ್ಲಾಡುವುದಿಲ್ಲ. ಸ್ವಲ್ಪ ಮಹಾಪ್ರಾಣ ಸೇರಿಸಬೇಕು.

ಆ ಇಥಿಯೋಪಿಯಾದ ತಾಯಿ ಪ್ರತಿ ಇಂಗ್ಲಿಷ್ ಪದದ ಮೇಲೆ ತನ್ನ ಅಮ್ಹಾರಿಕ್ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುತ್ತಿದ್ದರು, ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ ಹಾಗೆಯೇ. ಅಕ್ಷರ ತೋರಿಸಿ ಅಂದೆ. ನೋಡಿದರೆ ಕಾಗುಣಿತ! ಒಂದೊಂದು ವ್ಯಂಜನಕ್ಕೆ ಏಳು ರೂಪ. ಕ್ರಿಯಾಪದವೂ ನಮ್ಮಂತೆ ಕೊನೆಗೆ. ಹಾಗಾಗಿ ‘ಐ ವಾಟರ್ ಡ್ರಿಂಕ್’ ಎನ್ನುತ್ತಿದ್ದರು. ಮೂರು ಚೀಟಿ ಬರೆದು ಮೇಜಿನ ಮೇಲಿಟ್ಟು ಜಾಗ ಬದಲಿಸಿ ತೋರಿಸಿದೆ.

ಒಂದು ಸಂಜೆ ಅವರು ಪುಸ್ತಕ ಮುಚ್ಚಿ, ‘ಟೀಚರ್, ಡಾಕ್ಟರ್’ ಎಂದರು. ಆಸ್ಪತ್ರೆಗೆ ಹೋಗುವಾಗ ಒಂಬತ್ತು ವರ್ಷದ ಮಗಳನ್ನು ಶಾಲೆ ಬಿಡಿಸಿ ಕರೆದೊಯ್ಯುತ್ತಿದ್ದರು. ತಾಯಿಗೆ ಬಂದ ಹೆಂಗಸರ ಕಾಯಿಲೆಯನ್ನು ಆ ಮಗು ಡಾಕ್ಟರಿಗೆ ಹೇಳಬೇಕು, ಡಾಕ್ಟರ್ ಹೇಳಿದ್ದನ್ನು ತಾಯಿಗೆ ಹೇಳಬೇಕು. ಆ ದಿನದಿಂದ ಪಠ್ಯಪುಸ್ತಕ ಪಕ್ಕಕ್ಕಿಟ್ಟೆವು. ಬೆನ್ನಿಗೆ ಬೆನ್ನು ಹಾಕಿ ಕೂತು ಫೋನ್ ಮಾತು ಅಭ್ಯಾಸ ಮಾಡಿದೆವು. ಎದುರು ಕೂತರೆ ಕೈಸನ್ನೆ ಸಹಾಯಕ್ಕೆ ಬರುತ್ತದೆ, ಫೋನಿನಲ್ಲಿ ಬರುವುದಿಲ್ಲ. ಹೆಸರು, ಹುಟ್ಟಿದ ತಾರೀಖು, ‘ಬುಧವಾರ ಆಗುವುದಿಲ್ಲ, ಗುರುವಾರ ಆಗುತ್ತದಾ?’, ‘ನಿಧಾನವಾಗಿ ಹೇಳಿ’. ಇಷ್ಟೇ ಪಾಠ. ಎರಡು ತಿಂಗಳ ಮೇಲೆ ಗ್ರಂಥಾಲಯದ ಪಡಸಾಲೆಯಿಂದ ಅವರೇ ಆಸ್ಪತ್ರೆಗೆ ಫೋನ್ ಮಾಡಿದರು. ಆ ಕಡೆಯವರಿಗೆ ಹೆಸರು ಅರ್ಥವಾಗದೆ ಸ್ಪೆಲ್ಲಿಂಗ್ ಕೇಳಿದರು. ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿದರು. ಮಗಳು ಪಕ್ಕದಲ್ಲಿ ಕೂತು ಚಿತ್ರದ ಪುಸ್ತಕ ನೋಡುತ್ತಿದ್ದಳು.

ನಮ್ಮೂರ ಬ್ಯಾಂಕಿನಲ್ಲಿ ಶಾಲೆಯ ಹುಡುಗರನ್ನು ನಿಲ್ಲಿಸಿ ‘ಈ ಚಲನ್ ತುಂಬಿಕೊಡಪ್ಪ’ ಎನ್ನುವ ಹಿರಿಯರು ಇಲ್ಲೂ ಕೂತಿದ್ದೀರಿ. ನಾನು ಇನ್ನು ಮೂರು ವಾರ ಊರಲ್ಲಿರುತ್ತೇನೆ. ಹೆಡ್‌ಮಾಸ್ಟರು ಎಂಟನೇ ತರಗತಿಯ ಕೋಣೆಯ ಬೀಗದ ಕೈ ಕೊಟ್ಟಿದ್ದಾರೆ. ಹಾಲು ಕರೆದಾದ ಮೇಲೆ, ಸಂಜೆ ಏಳಕ್ಕೆ ಬನ್ನಿ. ಸ್ಲೇಟು, ಪುಸ್ತಕ ಬೇಡ. ಬ್ಯಾಂಕಿನಿಂದ ಬಂದ ಮೆಸೇಜು, ಮಾತ್ರೆಯ ಚೀಟಿ, ನಿಮಗೆ ಓದಲಾಗದ ಯಾವ ಕಾಗದವಿದೆಯೋ ಅದನ್ನು ತನ್ನಿ.