ಬಲ್ಲವರು ಬಾಯಿ ಬಿಡಬೇಕು



ಘಟಿಕೋತ್ಸವದಲ್ಲಿ ಗೆದ್ದವರ ಕಥೆ ಹೇಳುವುದು ವಾಡಿಕೆ. ನಾನು ಹೇಳಹೊರಟಿರುವುದು ಫಾರ್ಮುಲಾ ಒನ್ ಕಾರು ಓಟದಲ್ಲಿ 158 ಸಲ ಕಣಕ್ಕಿಳಿದು ಒಂದು ಸಲವೂ ಗೆಲ್ಲದ ಒಬ್ಬರ ಕಥೆ. ಸೋಲೇ ಗೆಲುವಿನ ಮೆಟ್ಟಿಲು ಎಂಬ ಉಪದೇಶ ಬರುತ್ತದೆ ಎಂದು ಹೆದರಬೇಡಿ. ಆ ಮೆಟ್ಟಿಲು ಹತ್ತಿ ಅವರು ಕೊನೆಗೂ ಗೆಲ್ಲಲಿಲ್ಲ. ಆದರೂ ಆ ಆಟದ ಬಗ್ಗೆ ಅವರು ಮಾತಾಡಿದರೆ ಜಗತ್ತು ಕಿವಿಗೊಟ್ಟು ಕೇಳುತ್ತದೆ. ಯಾಕೆ ಎಂಬುದೇ ನನ್ನ ಇವತ್ತಿನ ವಿಷಯ.

ಅವರ ಹೆಸರು ಮಾರ್ಟಿನ್ ಬ್ರಂಡಲ್. 1959ರ ಜೂನ್ 1ರಂದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಕಿಂಗ್ಸ್ ಲಿನ್ ಎಂಬ ಊರಿನಲ್ಲಿ ಹುಟ್ಟಿದವರು. ಮನೆಯಲ್ಲಿ ಕಾರು ಮಾರುವ ವ್ಯಾಪಾರವಿತ್ತು. ಹನ್ನೆರಡನೆಯ ವಯಸ್ಸಿಗೇ ಹುಲ್ಲುಗಾವಲಿನ ಟ್ರ್ಯಾಕಿನಲ್ಲಿ ರೇಸಿಗಿಳಿದ ಹುಡುಗ ಹಂತಹಂತವಾಗಿ ಮೇಲೇರಿ 1983ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್‌ಷಿಪ್‌ಗೆ ಪೈಪೋಟಿಗಿಳಿದರು. ಎದುರಾಳಿ ಯಾರು? ಬ್ರೆಜಿಲಿನ ಐರ್ಟನ್ ಸೆನ್ನಾ. ಆ ವರ್ಷದ ಮೊದಲ ಒಂಬತ್ತು ರೇಸುಗಳನ್ನೂ ಸೆನ್ನಾ ಸಾಲಾಗಿ ಗೆದ್ದರು. ಬೇರೆಯವರಾಗಿದ್ದರೆ ಎರಡನೆಯ ಸ್ಥಾನಕ್ಕೆ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಬ್ರಂಡಲ್ ಅಲ್ಲಿಂದಾಚೆಗೆ ಗೆಲ್ಲತೊಡಗಿ, ಅಂಕಗಳ ಅಂತರವನ್ನು ಕರಗಿಸುತ್ತ, ತೀರ್ಮಾನವನ್ನು ಥ್ರಕ್ಸ್‌ಟನ್‌ನ ಕಟ್ಟಕಡೆಯ ರೇಸಿನವರೆಗೂ ಎಳೆದರು. ಅಲ್ಲಿ ಸೆನ್ನಾ ಗೆದ್ದರು.

ಮರುವರ್ಷ ಇಬ್ಬರೂ ಫಾರ್ಮುಲಾ ಒನ್ ಸೇರಿದರು. ಬ್ರಂಡಲ್ ಸೇರಿದ್ದು ಟಿರೆಲ್ ತಂಡವನ್ನು. 1984ರ ಡೆಟ್ರಾಯಿಟ್ ರೇಸಿನಲ್ಲಿ, ಟರ್ಬೊ ಎಂಜಿನ್ನಿನ ಕಾರುಗಳ ನಡುವೆ ಟರ್ಬೊ ಇಲ್ಲದ ಕಾರನ್ನು ಓಡಿಸಿಕೊಂಡು ಎರಡನೆಯವರಾಗಿ ಗುರಿ ಮುಟ್ಟಿದರು. ಗೆದ್ದ ನೆಲ್ಸನ್ ಪಿಕೆ ಅವರಿಗಿಂತ ಹಿಂದುಳಿದದ್ದು ಒಂದು ಸೆಕೆಂಡಿಗೂ ಕಡಿಮೆ. ಆಮೇಲೆ ಅಧಿಕಾರಿಗಳು ಆ ಕಾರಿನ ನೀರಿನ ಟ್ಯಾಂಕನ್ನು ಪರೀಕ್ಷಿಸಿದಾಗ ನೀರಿನಲ್ಲಿ ಸೀಸದ ಗುಂಡುಗಳು ಸಿಕ್ಕವು. ಅದು ನಿಯಮಕ್ಕೆ ವಿರುದ್ಧವೆಂದು ತಂಡದ ಆ ವರ್ಷದ ಫಲಿತಾಂಶಗಳೆಲ್ಲ ರದ್ದಾದವು. ಚಾಲಕನ ಎರಡನೆಯ ಸ್ಥಾನವೂ ಅದರ ಜೊತೆಗೇ ಹೋಯಿತು. ಅಷ್ಟರೊಳಗೆ ಡಲ್ಲಾಸ್‌ನಲ್ಲಿ ಅಭ್ಯಾಸದ ವೇಳೆ ಕಾರು ಗೋಡೆಗೆ ಅಪ್ಪಳಿಸಿ ಅವರ ಕಾಲುಗಳು ಮುರಿದಿದ್ದವು. ಎಡಗಾಲಿಗೆ ಬಿದ್ದ ಪೆಟ್ಟು ದೊಡ್ಡದು. ಮುಂದೆ ಎಡಗಾಲಿನಿಂದ ಬ್ರೇಕ್ ಒತ್ತುವ ವಿದ್ಯೆ ಈ ಆಟದಲ್ಲಿ ರೂಢಿಗೆ ಬಂದಾಗ ಅದು ಅವರ ಪಾಲಿಗೆ ಬರಲೇ ಇಲ್ಲ.

ಇಷ್ಟು ಕೇಳಿ ಅವರನ್ನು ನತದೃಷ್ಟರ ಪಟ್ಟಿಗೆ ಸೇರಿಸಬೇಡಿ. 1988ರಲ್ಲಿ ಜಾಗ್ವಾರ್ ಓಡಿಸಿ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್ ಆದರು. 1990ರಲ್ಲಿ ಜಾನ್ ನೀಲ್ಸನ್ ಮತ್ತು ಪ್ರೈಸ್ ಕಾಬ್ ಅವರ ಜೊತೆಗೂಡಿ ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಓಟವನ್ನು ಗೆದ್ದರು. 1992ರಲ್ಲಿ ಬೆನೆಟನ್ ತಂಡದಲ್ಲಿ ಮೈಕೆಲ್ ಶೂಮಾಕರ್ ಅವರ ಜೋಡಿ. ಆ ವರ್ಷ ಮಾಂಟ್ರಿಯಲ್‌ನಲ್ಲಿ ಮುಂದಿದ್ದ ಗೆರ್ಹಾರ್ಡ್ ಬರ್ಗರ್ ಅವರ ಬೆನ್ನು ಹತ್ತಿದ್ದಾಗ ಕಾರು ಕೈಕೊಟ್ಟಿತು. 1994ರಲ್ಲಿ ಮೆಕ್ಲಾರೆನ್ ತಂಡದಲ್ಲಿ ಮಿಕಾ ಹ್ಯಾಕಿನೆನ್ ಅವರ ಜೋಡಿ. ಮೊನಾಕೊದಲ್ಲಿ ಎರಡನೆಯ ಸ್ಥಾನ. ಒಟ್ಟು ಒಂಬತ್ತು ಸಲ ವಿಜಯವೇದಿಕೆ ಹತ್ತಿದರು. ಅದರ ನಡುವಿನ ಮೆಟ್ಟಿಲು ಮಾತ್ರ ದಕ್ಕಲಿಲ್ಲ.

ಅವರ ಕೊನೆಯ ವರ್ಷ 1996. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ ಮೊದಲ ಫಾರ್ಮುಲಾ ಒನ್ ರೇಸು. ಮೊದಲ ಸುತ್ತಿನ ಮೂರನೆಯ ತಿರುವಿನಲ್ಲಿ ಮುಂದಿನ ಕಾರುಗಳಿಗೆ ತಾಗಿದ ಅವರ ಜೋರ್ಡನ್ ಕಾರು ಗಾಳಿಗೆ ಹಾರಿ, ಮಗುಚಿ, ಎರಡು ತುಂಡಾಯಿತು. ನೋಡಿದವರು ಕಥೆ ಮುಗಿಯಿತು ಎಂದುಕೊಂಡರು. ಬ್ರಂಡಲ್ ಅವಶೇಷದೊಳಗಿಂದ ತಾವೇ ಹೊರಬಂದು, ವೈದ್ಯ ಸಿಡ್ ವಾಟ್ಕಿನ್ಸ್ ಅವರ ಒಪ್ಪಿಗೆ ಪಡೆದು, ಓಡಿಹೋಗಿ ಬದಲಿ ಕಾರಿನಲ್ಲಿ ಕೂತರು. ಮತ್ತೆ ಶುರುವಾದ ರೇಸಿನಲ್ಲಿ ಹೆಚ್ಚು ದೂರ ಹೋಗಲಿಲ್ಲ, ಆ ಮಾತು ಬೇರೆ. ಆ ವರ್ಷ ಮುಗಿದಾಗ ಅವರಿಗೆ 37 ವಯಸ್ಸು. ಮುಂದಿನ ವರ್ಷಕ್ಕೆ ಯಾವ ತಂಡದಲ್ಲೂ ಸೀಟಿರಲಿಲ್ಲ.

ಪದವೀಧರರೇ, ನಮ್ಮ ನಿಮ್ಮ ವಿಷಯ ಶುರುವಾಗುವುದು ಇಲ್ಲಿಂದ. 1997ರಲ್ಲಿ ಬ್ರಿಟನ್ನಿನಲ್ಲಿ ಫಾರ್ಮುಲಾ ಒನ್ ಪ್ರಸಾರ ಬಿಬಿಸಿಯಿಂದ ಐಟಿವಿ ಚಾನೆಲ್ಲಿಗೆ ಹೋಯಿತು. ಬ್ರಂಡಲ್ ಅಲ್ಲಿ ವೀಕ್ಷಕ ವಿವರಣೆಗೆ ಕೂತರು. ಪಕ್ಕದಲ್ಲಿದ್ದವರು 73 ವರ್ಷದ ಮರ್ರಿ ವಾಕರ್. ಬ್ರಿಟನ್ನಿನ ಮನೆಮನೆಗೂ ಗೊತ್ತಿದ್ದ ದನಿ. ಅದಕ್ಕೆ ಮುಂಚೆ ವಾಕರ್ ಪಕ್ಕದಲ್ಲಿ 1976ರ ವಿಶ್ವ ಚಾಂಪಿಯನ್ ಜೇಮ್ಸ್ ಹಂಟ್ 1993ರಲ್ಲಿ ತೀರಿಕೊಳ್ಳುವವರೆಗೂ ಕೂತಿದ್ದರು. ಚಾಂಪಿಯನ್ ಕೂತು ಮಾತಾಡಿದ್ದ ಜಾಗಕ್ಕೆ ಒಂದೂ ಫಾರ್ಮುಲಾ ಒನ್ ರೇಸು ಗೆಲ್ಲದವರು ಬಂದರು.

ಆಟ ಬಿಟ್ಟವರು ಮೈಕ್ ಹಿಡಿಯುವುದು ನಮಗೂ ಹೊಸದಲ್ಲ. ಕರ್ನಾಟಕದ ವಿಜಯ್ ಭಾರದ್ವಾಜ್ ಕನ್ನಡದಲ್ಲಿ ಕ್ರಿಕೆಟ್ ವಿವರಿಸುವುದನ್ನು ನೀವು ಕೇಳಿದ್ದೀರಿ. ಫಾರ್ಮುಲಾ ಒನ್ನಿನಲ್ಲೇ ಚೆನ್ನೈನ ಕರುಣ್ ಚಂದೋಕ್ 2010ರಲ್ಲಿ ಕಾರು ಓಡಿಸಿ, ಈಗ ಟಿವಿಯಲ್ಲಿ ಅದನ್ನು ಬಿಡಿಸಿ ಹೇಳುತ್ತಾರೆ. ಆಡಿದವರಿಗೆಲ್ಲ ಹೇಳಲು ಬರುತ್ತದೆ ಎಂದಲ್ಲ. ಆಟ ಮೈಗೆ ಹತ್ತಿದವರಿಗೆ ಅದನ್ನು ಹೇಳುವುದೇ ಕಷ್ಟ. ಸೈಕಲ್ಲು ಹೊಡೆಯಲು ಬರುವ ಹತ್ತು ಜನರನ್ನು ನಿಲ್ಲಿಸಿ ಬ್ಯಾಲೆನ್ಸ್ ಹೇಗೆ ಮಾಡುತ್ತೀರಿ ಎಂದು ಕೇಳಿ ನೋಡಿ, ಗೊತ್ತಾಗುತ್ತದೆ.

ವಾಕರ್ ಮತ್ತು ಬ್ರಂಡಲ್ ಕೆಲಸ ಹಂಚಿಕೊಂಡ ರೀತಿ ನೋಡಿ. ಏನಾಗುತ್ತಿದೆ ಎಂದು ವಾಕರ್ ಕೂಗಿ ಹೇಳುತ್ತಿದ್ದರು. ಯಾಕೆ ಆಗುತ್ತಿದೆ ಎಂದು ಬ್ರಂಡಲ್ ಹೇಳುತ್ತಿದ್ದರು. ಮುಂದಿರುವ ಕಾರು ಸುತ್ತಿಗೆ ಅರ್ಧ ಸೆಕೆಂಡು ನಿಧಾನವಾಯಿತು ಎನ್ನುವುದು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಓಡಿಸಿದವನ ಕಣ್ಣು ಕಾಣುವುದು ಬೇರೆ: ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ಹಿಡಿದ ಕೈ ಒಂದು ಸಲ ಹೆಚ್ಚಿಗೆ ಅಲುಗಿತು, ಅಂದರೆ ಹಿಂದಿನ ಟೈರಿಗೆ ಹಿಡಿತ ತಪ್ಪುತ್ತಿದೆ; ಆದ್ದರಿಂದ ಚಾಲಕ ಆಕ್ಸಿಲರೇಟರನ್ನು ತಡವಾಗಿ ಒತ್ತುತ್ತಿದ್ದಾನೆ; ಹಾಗಾಗಿ ಮುಂದಿನ ನೇರ ಹಾದಿಯಲ್ಲಿ ವೇಗ ಕಡಿಮೆ; ಇನ್ನೆರಡು ಸುತ್ತಿನಲ್ಲಿ ಹಿಂದಿನವನು ದಾಟಬಹುದು. ಇದಿಷ್ಟನ್ನೂ ಆ ಎರಡು ಸುತ್ತು ಮುಗಿಯುವುದರೊಳಗೆ, ಸೋಫಾದ ಮೇಲೆ ಕೂತ ಅಜ್ಜಿಗೂ ತಿಳಿಯುವ ಮಾತಿನಲ್ಲಿ, ಮೆಕ್ಯಾನಿಕ್ ಕೇಳಿದರೆ ನಗದ ಹಾಗೆ ಹೇಳಬೇಕು. ಈ ಎರಡು ಷರತ್ತುಗಳನ್ನು ಒಟ್ಟಿಗೆ ಪೂರೈಸುವುದೇ ಆ ಕಸುಬು. ಅಜ್ಜಿಗೆ ತಿಳಿಯಲಿ ಎಂದು ಸುಳ್ಳಾಗುವಷ್ಟು ಸರಳ ಮಾಡುವಂತಿಲ್ಲ. ಮೆಕ್ಯಾನಿಕ್ ಮೆಚ್ಚಲಿ ಎಂದು ಅಜ್ಜಿಯನ್ನು ಕೈಬಿಡುವಂತಿಲ್ಲ.

ಆ ಕಸುಬಿಗೆ ಮೊದಲ ವರ್ಷವೇ ಪರೀಕ್ಷೆ ಬಂತು. 1997ರ ಅಕ್ಟೋಬರ್ 26, ಸ್ಪೇನಿನ ಹೆರೆಸ್, ವರ್ಷದ ಕೊನೆಯ ರೇಸು. ಚಾಂಪಿಯನ್‌ಷಿಪ್‌ನಲ್ಲಿ ಶೂಮಾಕರ್ ಜಾಕ್ ವಿಲ್ನೆವ್ ಅವರಿಗಿಂತ ಒಂದೇ ಅಂಕ ಮುಂದಿದ್ದರು. 48ನೆಯ ಸುತ್ತಿನಲ್ಲಿ ವಿಲ್ನೆವ್ ಒಳಬದಿಯಿಂದ ನುಗ್ಗಿದಾಗ ಶೂಮಾಕರ್ ಅವರ ಫೆರಾರಿ ಅವರತ್ತ ತಿರುಗಿ ಢಿಕ್ಕಿ ಹೊಡೆಯಿತು. ಢಿಕ್ಕಿ ಹೊಡೆದ ಕಾರೇ ಜಲ್ಲಿಯಲ್ಲಿ ಹೂತು ನಿಂತಿತು. ವಿಲ್ನೆವ್ ಓಡಿಸುತ್ತಲೇ ಹೋಗಿ ಚಾಂಪಿಯನ್ ಆದರು. ಶೂಮಾಕರ್ ಬೇಕೆಂದೇ ಗುದ್ದಿದ್ದು, ಗುದ್ದಿದ ಜಾಗವೂ ತಪ್ಪಿತು ಎಂಬ ಅರ್ಥದ ಮಾತನ್ನು ಬ್ರಂಡಲ್ ಅಲ್ಲೇ, ನೇರಪ್ರಸಾರದಲ್ಲೇ ಹೇಳಿಬಿಟ್ಟರು. ಹೇಳಿದ್ದು ಯಾರ ಬಗ್ಗೆ? ಐದು ವರ್ಷದ ಹಿಂದೆ ಒಂದೇ ತಂಡದಲ್ಲಿ ಜೊತೆಗಿದ್ದವರ ಬಗ್ಗೆ. ಆ ಕಾಲದ ಅತಿ ದೊಡ್ಡ ಚಾಲಕನ ಬಗ್ಗೆ. ವಿಚಾರಣೆ ನಡೆಸಿದ ಅಂತಾರಾಷ್ಟ್ರೀಯ ಸಂಸ್ಥೆ ಆಮೇಲೆ ಶೂಮಾಕರ್ ಅವರನ್ನು ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಿಂದಲೇ ತೆಗೆದುಹಾಕಿತು. ಬ್ರಂಡಲ್ ಆ ತೀರ್ಪಿಗೆ ಕಾಯಲಿಲ್ಲ. ಆ ವೇಗದಲ್ಲಿ, ಆ ತಿರುವಿನಲ್ಲಿ ಸ್ಟಿಯರಿಂಗ್ ತಾನಾಗಿ ತಿರುಗುವುದಿಲ್ಲ ಎಂದು ಬಲ್ಲವರು ಆ ವೀಕ್ಷಕ ವಿವರಣೆಯ ಕೋಣೆಯೊಳಗೆ ಅವರೊಬ್ಬರೇ ಇದ್ದರು. ಬಲ್ಲವನು ಸುಮ್ಮನಿದ್ದರೆ ನೋಡುವವರು ಅದನ್ನು ಆಕಸ್ಮಿಕ ಎಂದುಕೊಳ್ಳುತ್ತಿದ್ದರು.

ಅದೇ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ, ಬ್ರಿಟಿಷ್ ಗ್ರ್ಯಾಂಡ್ ಪ್ರಿ ಶುರುವಾಗುವ ಮುಂಚೆ, ಅವರು ಮೈಕ್ ಹಿಡಿದು ಗ್ರಿಡ್ಡಿಗೆ, ಅಂದರೆ ಕಾರುಗಳು ಸಾಲಾಗಿ ನಿಲ್ಲುವ ಜಾಗಕ್ಕೆ, ಇಳಿದರು. ಕಾರಿನ ಸುತ್ತ ಮೆಕ್ಯಾನಿಕ್ಕುಗಳ ಗುಂಪು, ಚಕ್ರ ಬಿಗಿಯುವ ಗನ್ನುಗಳ ಸದ್ದು, ನಡುವೆ ಸಿನಿಮಾ ತಾರೆಯರು. ಯಾರು ಸಿಗುತ್ತಾರೆ, ಯಾರು ಮುಖ ತಿರುಗಿಸುತ್ತಾರೆ ಎಂದು ಮುಂಚೆ ಗೊತ್ತಿರುವುದಿಲ್ಲ. ಆ ನಡಿಗೆ ಅವರ ಹೆಗ್ಗುರುತಾಯಿತು. ಅಲ್ಲಿ ಅವರು ಎಡವಿದ್ದೂ ಉಂಟು. 2022ರಲ್ಲಿ ಮಯಾಮಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಪಾವೊಲೊ ಬ್ಯಾಂಕೆರೊ ಅವರನ್ನು ಅಮೆರಿಕನ್ ಫುಟ್‌ಬಾಲ್‌ನ ಪ್ಯಾಟ್ರಿಕ್ ಮಹೋಮ್ಸ್ ಎಂದು ತಿಳಿದು ಮಾತಾಡಿಸಿದರು. ಜಗತ್ತು ನಕ್ಕಿತು. ಅವರು ಮತ್ತೆ ಮೈಕ್ ಹಿಡಿದು ಇಳಿದರು. ತಿಳಿಯದ್ದನ್ನು ಹತ್ತು ಜನರ ಎದುರು ಕೇಳಲು ನಾಚುವವರು ಆ ಗ್ರಿಡ್ಡಿನಲ್ಲಿ ಒಂದು ಹೆಜ್ಜೆಯನ್ನೂ ಇಡಲಾರರು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಇದು ನಗುವ ವಿಷಯವಲ್ಲ. 1994ರಲ್ಲಿ ಜಪಾನಿನ ಸುಜುಕಾದಲ್ಲಿ ಜೋರು ಮಳೆ. ಬ್ರಂಡಲ್ ಅವರ ಮೆಕ್ಲಾರೆನ್ ನೀರಿನ ಮೇಲೆ ಜಾರಿ ಟ್ರ್ಯಾಕಿನಿಂದ ಆಚೆ ಹೋಯಿತು. ಅಲ್ಲಿ ಮತ್ತೊಂದು ಕಾರನ್ನು ಎತ್ತಲು ಬಂದಿದ್ದ ಟ್ರ್ಯಾಕ್ಟರಿಗೆ ಬಡಿಯುವುದು ಕೂದಲೆಳೆಯಷ್ಟರಲ್ಲಿ ತಪ್ಪಿತು. ಕಾರು ತಾಗಿ ಅಲ್ಲಿದ್ದ ಮಾರ್ಷಲ್ ಒಬ್ಬರ ಕಾಲು ಮುರಿಯಿತು. ಕಾರುಗಳು ಓಡುತ್ತಿರುವಾಗ ಅಂಥ ಯಂತ್ರಗಳನ್ನು ಟ್ರ್ಯಾಕಿನ ಬದಿಗೆ ತರುವುದು ಅಪಾಯ ಎಂದು ಬ್ರಂಡಲ್ ಹೇಳುತ್ತ ಬಂದರು. ಇಪ್ಪತ್ತು ವರ್ಷದ ಮೇಲೆ, 2014ರ ಅಕ್ಟೋಬರ್ 5ರಂದು, ಅದೇ ಸುಜುಕಾದಲ್ಲಿ, ಅಂಥದೇ ಮಳೆಯಲ್ಲಿ, ಜೂಲ್ ಬಿಯಾಂಕಿ ಎಂಬ 25ರ ತರುಣನ ಕಾರು ಜಾರಿ ಅಂಥದೇ ಯಂತ್ರಕ್ಕೆ ಬಡಿಯಿತು. ಮರುವರ್ಷ ಜುಲೈನಲ್ಲಿ ಆತ ತೀರಿಕೊಂಡ. ಟ್ರ್ಯಾಕಿನಲ್ಲಿ ಅಪಾಯವಿದ್ದಾಗ ವೇಗ ಇಳಿಸುವುದನ್ನು ಚಾಲಕರಿಗೆ ಕಡ್ಡಾಯಪಡಿಸುವ ವ್ಯವಸ್ಥೆ ಬಂದದ್ದು ಆ ಅಪಘಾತದ ನಂತರ. ಬಲ್ಲವನು ಹೇಳಿದರೆ ಸಾಲದು, ಕೇಳುವವರೂ ಬೇಕು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ತಿಳಿಯದು.

ಈಗ ನಿಮ್ಮ ಕಡೆ ಬರುತ್ತೇನೆ. ಇವತ್ತಿನಿಂದ ನೀವು ಸರ್ಕಾರಿ ದಾಖಲೆಯ ಪ್ರಕಾರ ಬಲ್ಲವರು. ನಾಳೆ ನಿಮ್ಮ ಎದುರು ಬಂದು ನಿಲ್ಲುವವರು ಅರಿಯದವರು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ನಿಂತ ಹೆಂಗಸಿಗೆ ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ತಾಲ್ಲೂಕು ಕಚೇರಿಯ ಕಿಟಕಿಗೆ ಬಂದ ರೈತನಿಗೆ ಯಾವ ಅರ್ಜಿ ಎಲ್ಲಿ ಕೊಡಬೇಕೆಂದು ಗೊತ್ತಿಲ್ಲ. ಬೆಳೆಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಜ್ಜನಿಗೆ ತಾನು ಒಪ್ಪಿದ್ದು ಏನೆಂದು ಗೊತ್ತಿಲ್ಲ. ನಾಲ್ಕು ದೊಡ್ಡ ಶಬ್ದ ಹೇಳಿ ಅವರನ್ನು ಸಾಗಹಾಕುವುದು ಬಹಳ ಸುಲಭ. ಅವರು ತಲೆಯಾಡಿಸಿ ಹೋಗುತ್ತಾರೆ. ಅರ್ಥವಾಗಲಿಲ್ಲ ಎಂದು ಹೇಳಲು ಅವರಿಗೆ ಸಂಕೋಚ. ಅವರ ಆ ಸಂಕೋಚದ ಮೇಲೆ ನಮ್ಮ ಎಷ್ಟೋ ಕಚೇರಿಗಳ ಗತ್ತು ನಿಂತಿದೆ.

ನಿಮ್ಮಲ್ಲಿ ಚಿನ್ನದ ಪದಕ ಪಡೆದವರು ಕೆಲವರು, ಪಡೆಯದವರೇ ಹೆಚ್ಚು. ಪಡೆಯದವರಿಗೆ ಒಂದು ಮಾತು. ಬ್ರಂಡಲ್ ಸೋತದ್ದು ಸೆನ್ನಾ ಎದುರು, ಶೂಮಾಕರ್ ಎದುರು. ತಮಗಿಂತ ವೇಗವಾಗಿ ಓಡಿದವರನ್ನು ವರ್ಷಗಟ್ಟಲೆ ಹತ್ತಿರದಿಂದ ಕಂಡರು; ಅವರು ಹೇಗೆ ವೇಗವಾಗಿದ್ದಾರೆ ಎಂದು ಬಿಡಿಸಿ ನೋಡುವುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಸಹಜವಾಗಿ ಬಂದವನಿಗೆ ತನ್ನ ವಿದ್ಯೆಯನ್ನು ಬಿಡಿಸಿ ನೋಡುವ ಅಗತ್ಯವೇ ಬೀಳುವುದಿಲ್ಲ. ಕಷ್ಟಪಟ್ಟು ಅರ್ಥ ಮಾಡಿಕೊಂಡ ಪಾಠವನ್ನು ನೀವು ಇನ್ನೊಬ್ಬರಿಗೆ ಚೆನ್ನಾಗಿ ಹೇಳಬಲ್ಲಿರಿ. ಆ ಸೊತ್ತು ನಿಮ್ಮ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ನಿಮ್ಮಲ್ಲಿದೆ. ಪದಕ ಪಡೆದವರಿಗೂ ಒಂದು ಮಾತು: ನಿಮ್ಮ ಪಕ್ಕದಲ್ಲಿ ಕೂತವರಿಂದ ಇದನ್ನು ಕಲಿಯಿರಿ.

ಬ್ರಂಡಲ್ ಐಟಿವಿಯಿಂದ ಬಿಬಿಸಿಗೆ, 2012ರಲ್ಲಿ ಸ್ಕೈ ಚಾನೆಲ್ಲಿಗೆ ಹೋದರು. ಹಳೆಯ ವಿದ್ಯೆಯನ್ನೂ ಬಿಡಲಿಲ್ಲ. 1999ರಲ್ಲಿ ಲ ಮಾನ್‌ನಲ್ಲಿ ಟೊಯೊಟಾ ಓಡಿಸಿ ಪೋಲ್ ಸ್ಥಾನ, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಓಟ ಶುರುಮಾಡುವ ಸ್ಥಾನ, ಪಡೆದರು. 2012ರಲ್ಲಿ ಮಗ ಅಲೆಕ್ಸ್ ಜೊತೆ ಅದೇ ಓಟದಲ್ಲಿ ಒಂದೇ ಕಾರನ್ನು ಸರದಿಯಲ್ಲಿ ಓಡಿಸಿದರು. ಮಾತಾಡುವವರು ಕೆಲಸ ಮರೆಯಬಾರದು ಎಂಬುದನ್ನೂ ಅವರಿಂದ ಕಲಿಯಬಹುದು.

ಆದ್ದರಿಂದ ನನ್ನ ಬೇಡಿಕೆ ಮೂರು. ನಿಮಗೆ ಗೊತ್ತಿರುವುದನ್ನು ಗೊತ್ತಿಲ್ಲದವರ ಭಾಷೆಯಲ್ಲಿ ಹೇಳಿ. ತಪ್ಪು ಕಂಡಾಗ, ಮಾಡಿದವರು ಸ್ನೇಹಿತರಾದರೂ ದೊಡ್ಡವರಾದರೂ, ತಪ್ಪು ಎಂದೇ ಹೇಳಿ. ಅಪಾಯ ಕಂಡಾಗ, ಮೊದಲ ಸಲ ಯಾರೂ ಕೇಳದಿದ್ದರೆ, ಎರಡನೆಯ ಸಲವೂ ಹೇಳಿ. ಈ ರಾಜ್ಯದ ಜನ ತಮ್ಮ ತೆರಿಗೆಯ ಹಣದಲ್ಲಿ ನಿಮ್ಮನ್ನು ಓದಿಸಿದ್ದಾರೆ. ಅವರು ಕೇಳಲು ಬಂದಾಗ ಎದ್ದು ನಿಂತು ಉತ್ತರ ಕೊಡಿ.