ನಂದೇನ್ ಪಗಾರ್ರೀ?

ಪ್ರಬಂಧ ಮಂಡಿಸಲು ಬಂದಿರುವ ಗೆಳೆಯ ಗೆಳತಿಯರೆ, ಹೊರಗೆ ಪಡಸಾಲೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಕೂತಿರುವ ಅಕ್ಕಂದಿರೆ,

ಮಹಿಳಾ ಉದ್ಯಮದ ವಿಚಾರ ಸಂಕಿರಣ ಅಂದರೆ ಧೈರ್ಯ, ಛಲ, ಸಾಧನೆ ಎಂಬ ಮಾತುಗಳು ಬಂದೇ ಬರುತ್ತವೆ. ಈ ಎರಡು ದಿನ ಅವನ್ನು ಬದಿಗಿಟ್ಟು ಲೆಕ್ಕದ ಪುಸ್ತಕ ಬಿಚ್ಚೋಣ ಎಂಬುದು ನನ್ನ ಆಶಯ. ನಮ್ಮ ಹೆಣ್ಣುಮಕ್ಕಳಲ್ಲಿ ಛಲಕ್ಕೆ ಬರ ಬಂದದ್ದನ್ನು ನಾನಂತೂ ಕಂಡಿಲ್ಲ.

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕನ ಮನೆಯಲ್ಲಿ ಒಂದು ಮುಂಜಾನೆ ಕೂತಿದ್ದೆ. ಬೆಳಕು ಹರಿಯುವ ಮೊದಲೇ ಹಂಚು ಕಾದಿತ್ತು. ಕುದಿನೀರು ಹಾಕಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರುತ್ತಾ ಅವರು ಮಾತಾಡುತ್ತಿದ್ದರು. ಒಂದು ರೊಟ್ಟಿಗೆ ಏನೇನು ಖರ್ಚು ಅಂತ ಕೇಳಿದೆ. ಜೋಳ, ಗಿರಣಿ, ಗ್ಯಾಸು, ಚೀಲ, ಆಟೋ ಬಾಡಿಗೆ: ಒಂದು ಕೈಯ ಬೆರಳೆಲ್ಲ ಮಡಚಿದವು. ಜೊತೆಗೆ ಬಡಿಯಲು ಬರುವ ಹುಡುಗಿಯ ಕೂಲಿಗೆ ಇನ್ನೊಂದು ಕೈ ಬೇಕಾಯಿತು. ಅಲ್ಲಿಗೆ ಲೆಕ್ಕ ಮುಗಿಯಿತು.

‘ನಿಮ್ಮ ಪಗಾರ?’

‘ನಂದೇನ್ ಪಗಾರ್ರೀ, ನಾ ಮನ್ಯಾಗ ಕುಂತ್ ಬಡೀತೀನಿ!’

ತಮ್ಮ ದುಡಿಮೆಯನ್ನು ಬಿಟ್ಟು ಬೆಲೆ ಕಟ್ಟುವುದರಿಂದ ರೊಟ್ಟಿ ಅಗ್ಗ. ಓಣಿಯ ಉಳಿದವರೂ ಅದೇ ಬೆಲೆಗೆ ಇಳಿಯಬೇಕು. ಅಕ್ಕ ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿದರೆ ಕೈಯಲ್ಲಿ ಏನೂ ಉಳಿಯದು. ಹಾಗಾಗಿ ಅವರು ಹಂಚಿನ ಮುಂದಿನಿಂದ ಏಳುವಂತಿಲ್ಲ, ಹೊಸ ಗಿರಾಕಿ ಹುಡುಕಲು ಪ್ಯಾಟಿಗೆ ಹೋಗುವಂತೆಯೂ ಇಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳಕ್ಕೆ ಕೂತರಲ್ಲ, ಆ ಲಿಜ್ಜತ್ ಸಂಸ್ಥೆಯಲ್ಲಿ ಲಟ್ಟಿಸಿದ ಕೂಲಿಯ ಲೆಕ್ಕವೇ ಬೇರೆ, ಲಾಭದ ಲೆಕ್ಕವೇ ಬೇರೆ. ಅದು ಬೆಳೆದ ಕಥೆ ಹೇಳುವಾಗ ಈ ಸಣ್ಣ ಸಂಗತಿಯನ್ನು ನಾವು ಹಾರಿಸಿಬಿಡುತ್ತೇವೆ.

ಇನ್ನು ಸಾಲ. 2015ರಿಂದ ಮುದ್ರಾ ಯೋಜನೆ ಇದೆ, ಜಾಮೀನು ಕೇಳುವುದಿಲ್ಲ. ಅದರಲ್ಲಿ ‘ಶಿಶು’ ಅಂದರೆ 50,000 ರೂಪಾಯಿವರೆಗೆ. ಜೋಳ ಬರುತ್ತದೆ, ಹಂಚು ಬರುತ್ತದೆ, ಶೆಡ್ಡು ಏಳುವುದಿಲ್ಲ. ದೊಡ್ಡ ಮೊತ್ತಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ‘ಯಜಮಾನರು ಏನು ಮಾಡ್ತಾರೆ?’ ಅನ್ನುವುದು ಮೊದಲ ಪ್ರಶ್ನೆ, ‘ಹೊಲ-ಮನೆ ಉತಾರ ಯಾರ ಹೆಸರಲ್ಲಿದೆ?’ ಎರಡನೆಯದು. ಕರ್ನಾಟಕ 1994ರಲ್ಲೇ, ಇಡೀ ದೇಶಕ್ಕೆ ಅಂಥ ಕಾಯ್ದೆ ಬರುವ 11 ವರ್ಷ ಮೊದಲು, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. ಆದರೆ ತವರು ಮುನಿಯಬಾರದು ಅಂತ ಉಡಿ ತುಂಬಿಸಿಕೊಂಡು, ಒಂದು ಇಳಕಲ್ ಸೀರೆ ಉಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವ ಅಕ್ಕತಂಗಿಯರು ಇಲ್ಲೇ ಎಷ್ಟು ಜನ ಇದ್ದೀರೋ! ಆ ಸೀರೆ ಎಷ್ಟು ತುಟ್ಟಿಯದು ಅನ್ನುವುದು ಸಾಲದ ಅರ್ಜಿ ತುಂಬುವ ದಿನ ಗೊತ್ತಾಗುತ್ತದೆ.

ಬ್ಯಾಂಕಿನ ಅನುಮಾನ ಓದಿದವರನ್ನೂ ಬಿಟ್ಟಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಕಂಪನಿ ಶುರು ಮಾಡಿದಾಗ ಕಿರಣ್ ಮಜುಂದಾರ್ ಅವರಿಗೆ 25 ವರ್ಷ. ಆಸ್ಟ್ರೇಲಿಯದಲ್ಲಿ ಕಲಿತವರು, ಐರ್ಲೆಂಡಿನ ಕಂಪನಿ ಜೊತೆಗಿತ್ತು. ಆದರೂ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡಿದವು. ಇಂಗ್ಲಿಷು, ಪದವಿ, ವಿದೇಶಿ ಪಾಲುದಾರರು ಯಾವುದೂ ಇಲ್ಲದ ರೊಟ್ಟಿಯ ಅಕ್ಕನ ಪಾಡು ನಾನು ಬೇರೆ ಹೇಳಬೇಕೇ?

ಉದ್ರಿಯದು ಇನ್ನೊಂದು ಕಾಟ. ನೋಂದಾಯಿತ ಸಣ್ಣ ಉದ್ಯಮಕ್ಕೆ ಮಾಲಿನ ಹಣ 45 ದಿನದೊಳಗೆ ಸಂದಾಯವಾಗಬೇಕು, ತಪ್ಪಿದರೆ ಚಕ್ರಬಡ್ಡಿ ಎನ್ನುತ್ತದೆ 2006ರ ಕಾಯ್ದೆ. ಆದರೆ ಇರುವ ಒಂದೇ ದೊಡ್ಡ ಅಂಗಡಿಯವನ ಮೇಲೆ ದೂರು ಕೊಟ್ಟು ನಾಳೆ ರೊಟ್ಟಿ ಯಾರಿಗೆ ಮಾರುವುದು? ನಾಳೆ ಕಾನೂನಿನ ಗೋಷ್ಠಿಯವರು ಇದಕ್ಕೆ ದಾರಿ ಹುಡುಕಿದರೆ ನಾನು ಕೊನೆಯವರೆಗೂ ಕೂತು ಕೇಳುತ್ತೇನೆ.

ಸಂಘಟಕರಲ್ಲಿ ಒಂದು ವಿನಂತಿ. ಆಮಂತ್ರಣ ಪತ್ರಿಕೆ ನೋಡಿದೆ. ಉದ್ಯಮಿಗಳ ಮಾತಿಗೆ ಸಂಜೆ ನಾಲ್ಕೂವರೆ ಕೊಟ್ಟಿದ್ದೀರಿ. ಪಡಸಾಲೆಯಲ್ಲಿರುವ ಅಕ್ಕಂದಿರು ಐದರ ಬಸ್ಸು ಹಿಡಿಯಬೇಕಂತೆ. ನನ್ನ ಭಾಷಣ ಮುಗಿಯಿತು; ಈಗಲೇ ಅವರನ್ನು ಒಳಗೆ ಕರೆಯಿರಿ, ಚಹಾ ಆಮೇಲೆ ಕುಡಿಯೋಣ.