ಚಿನ್ನಕ್ಕಿಂತ ಮೊದಲು ಕಾಗದ



ಮದುವೆಯ ದಿನ ಮಗಳೊಡನೆ ಕಳುಹಿಸುವ ಪೆಟ್ಟಿಗೆಯಲ್ಲಿ ತವರಿನವರು ಬೆಳ್ಳಿಯ ಕುಂಕುಮಭರಣಿಯಿಂದ ತಾಮ್ರದ ಕೊಡದವರೆಗೆ ಒಂದೊಂದನ್ನೂ ಎಣಿಸಿ ಇಡುತ್ತಾರೆ. ಅದೇ ಮಗಳು ದಾಂಪತ್ಯ ಮುರಿದು ಹೊಸಿಲು ದಾಟುವಾಗ ಎಣಿಸುವವರು ಯಾರೂ ಇರುವುದಿಲ್ಲ. ನಾನು ಬಲ್ಲ ಗೃಹಿಣಿಯೊಬ್ಬರು ಮಗುವನ್ನೆತ್ತಿಕೊಂಡು ಉಟ್ಟ ಸೀರೆಯಲ್ಲಿಯೇ ಹೊರಬಂದರು. ಒಡವೆಗಳು ಹೋದುದಕ್ಕೆ ಆಕೆ ಅಷ್ಟಾಗಿ ಮರುಗಲಿಲ್ಲ. ಆದರೆ ಶಾಲೆಯೊಂದರಿಂದ ಕೆಲಸಕ್ಕೆ ಕರೆ ಬಂದಾಗ ಅವರ ಪದವಿಯ ಅಂಕಪಟ್ಟಿ ಆ ಮನೆಯ ಕಪಾಟಿನಲ್ಲಿತ್ತು. ನಕಲು ಪ್ರತಿ ದೊರೆಯುವಷ್ಟರಲ್ಲಿ ಕೆಲಸ ಬೇರೊಬ್ಬರ ಪಾಲಾಗಿತ್ತು.

ಮನೆ ಬಿಟ್ಟವಳು ವಸ್ತುಗಳ ಮೇಲಿನ ಹಕ್ಕನ್ನೂ ಬಿಟ್ಟಂತೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣದಲ್ಲಿದ್ದು ‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರರು, ಉಡುಗೊರೆ ಮಾತ್ರವಲ್ಲದೆ ಕ್ರಯದಿಂದ, ಉತ್ತರಾಧಿಕಾರದಿಂದ ಬಂದುದೂ ಸ್ತ್ರೀಧನವೇ ಎಂದು ಅರ್ಥೈಸಿದರು. 1985ರಲ್ಲಿ ಪ್ರತಿಭಾರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ತ್ರೀಧನವು ಪತ್ನಿಯ ಸ್ವಂತ ಸೊತ್ತೆಂದೂ, ಅದನ್ನು ನಂಬಿ ಒಪ್ಪಿಸಿದ ಮೇಲೆ ಗಂಡನ ಮನೆಯವರು ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದೆಂದೂ ತೀರ್ಪಿತ್ತಿತು.

ಹಕ್ಕೇನೋ ಉಂಟು, ಅದಕ್ಕೆ ಸಾಕ್ಷಿ ಬೇಕಲ್ಲ! ಒಡವೆಯ ಅಂಗಡಿಯ ರಸೀತಿ, ಮದುವೆಯ ಭಾವಚಿತ್ರ, ಕರೆಯೋಲೆ, ಉಡುಗೊರೆಗಳ ಪಟ್ಟಿ ಇವೇ ಸಾಕ್ಷಿಗಳು. ಆದುದರಿಂದ ತಮ್ಮ ಮತ್ತು ಮಕ್ಕಳ ಜನನಪತ್ರ, ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಬ್ಯಾಂಕಿನ ಪುಸ್ತಕ, ವೈದ್ಯರ ಚೀಟಿಗಳನ್ನು ಮೊದಲೇ ಒಂದು ಚೀಲದಲ್ಲಿ ಜೋಡಿಸಿ, ನಂಬಿಕಸ್ಥರ ಮನೆಯಲ್ಲಿಡುವುದು ವಿವೇಕ. ಮನೆಯ ಕ್ರಯಪತ್ರ, ಸಾಲದ ಪತ್ರ, ವಿಮೆ ಮುಂತಾದ ಜಂಟಿ ದಾಖಲೆಗಳ ಪ್ರತಿ ಸಾಕು, ಮೂಲಪತ್ರ ಅಲ್ಲಿಯೇ ಇರಲಿ. ಬಿಟ್ಟುಹೋಗುವ ವಸ್ತುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಒಡಹುಟ್ಟಿದವರಿಗೆ ಕಳುಹಿಸಿಡಬಹುದು. ತಮ್ಮದಲ್ಲದ ಒಂದು ಸೂಜಿಯನ್ನೂ ಮುಟ್ಟಬಾರದು. ನಾಳೆ ನ್ಯಾಯಾಲಯದಲ್ಲಿ ನಮ್ಮ ಮಾತಿಗೆ ತೂಕ ಬರುವುದು ಈ ಸಂಯಮದಿಂದಲೇ. ಮನೆ ಬಿಡುವವನು ಗಂಡಸಾದರೂ ಈ ಮಾತು ಸಲ್ಲುತ್ತದೆ.

ಆದರೆ ಜೀವಕ್ಕೇ ಅಪಾಯವಿದ್ದಾಗ ಚೀಲ ಹುಡುಕುತ್ತ ನಿಲ್ಲಬೇಡಿ, ಬರಿಗೈಯಲ್ಲಿ ಹೊರಡಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವು ಎಲ್ಲ ಮತಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಅದರಡಿ ಸ್ತ್ರೀಧನವನ್ನು ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶ ನೀಡಬಲ್ಲರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ಆದಾಯವೆಷ್ಟೇ ಇರಲಿ, ಹೆಣ್ಣುಮಕ್ಕಳು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ಕಾಗದಗಳನ್ನು ಜೋಡಿಸಿಡುವುದು ಜಗಳಕ್ಕೆ ಕಾಲು ಕೆರೆಯುವುದಲ್ಲ. ಸಂಬಂಧ ಉಳಿದರೆ ಚೀಲ ಕಪಾಟಿಗೆ ಹಿಂದಿರುಗುತ್ತದೆ, ನಷ್ಟವೇನಿಲ್ಲ. ಉಳಿಯದಿದ್ದರೆ, ಹೊಸ ಬದುಕಿನ ಮೊದಲ ಬಾಗಿಲನ್ನು ತೆರೆಯುವ ಕೀಲಿಕೈ ಆ ಚೀಲದಲ್ಲಿರುತ್ತದೆ. ಮಗಳನ್ನು ಕಳುಹಿಸುವ ದಿನ ಪೆಟ್ಟಿಗೆಯಲ್ಲಿ ಏನೇನಿದೆಯೆಂದು ಬರೆದ ಪಟ್ಟಿಯ ಒಂದು ಪ್ರತಿಯನ್ನು ತವರಿನವರೂ ಜೋಪಾನವಾಗಿರಿಸಿಕೊಳ್ಳಲಿ.



(ಬಾನುಲಿ ಭಾಷಣ)